ರೋಟರಿ ಎಂಜಿನ್ನಿನ ಉಸಿರಿಗೆ ಯಾವ ಅಳತೆ?

2009ರ ಏಪ್ರಿಲ್‌ನಲ್ಲಿ ಕೋಲಾರದ ವಾಯುನೆಲೆಯಿಂದ ‘ನಿಶಾಂತ್’ ಚಾಲಕರಹಿತ ವಿಮಾನ ದೇಶದಲ್ಲೇ ತಯಾರಾದ ವ್ಯಾಂಕೆಲ್ ರೋಟರಿ ಎಂಜಿನ್ ಹೊತ್ತು ಮೊದಲ ಸಲ ಹಾರಿತು. ಬೆಂಗಳೂರಿನ ಎನ್‌ಎಎಲ್ ಮತ್ತು ಎಡಿಇ, ಅಹ್ಮದ್‌ನಗರದ ವಿಆರ್‌ಡಿಇ ಸಂಶೋಧನಾಲಯಗಳು ಸೇರಿ ರೂಪಿಸಿದ ಈ ಎಂಜಿನ್ನಿನ ಶಕ್ತಿ 55 ಎಚ್‌ಪಿ, ತೂಕ ಸುಮಾರು 30 ಕೆಜಿ. ಇಷ್ಟು ಹಗುರವಾದ ಯಂತ್ರ ಇಷ್ಟು ಶಕ್ತಿ ಕೊಡುವುದು ಗಾಳಿಯನ್ನು ಧಾರಾಳವಾಗಿ ಹೀರಿಕೊಳ್ಳುವುದರಿಂದ. ಆದರೆ ಸಣ್ಣ ಎಂಜಿನ್ನಿಗೆ ಫಿಲ್ಟರ್ ಆರಿಸುವ ರೂಢಿ ಪಿಸ್ಟನ್ ಕಾಲದ್ದು: ಸಿಸಿ ನೋಡಿ ಕೋಷ್ಟಕದಿಂದ ತೆಗೆಯುವುದು, ಇಲ್ಲವೇ ಕಾರ್ಬ್ಯುರೇಟರಿನ ಬಾಯಿಗೆ ಹೊಂದುವುದನ್ನು ಸಿಕ್ಕಿಸುವುದು. ರೋಟರಿಗೆ ಈ ರೂಢಿ ಸಲ್ಲದು. ಅದರ ಫಿಲ್ಟರನ್ನು ನಿಮಿಷಕ್ಕೆ ಹಾಯುವ ಗಾಳಿಯಿಂದ, ಅದೂ ಧೂಳು ತುಂಬಿದ ಸ್ಥಿತಿಯಲ್ಲಿ ಅಳೆಯಬೇಕು.

ಲೆಕ್ಕ ಸರಳ. ರೋಟರಿನ ಮೂರು ಮುಖಗಳೂ ಒಂದೊಂದು ಸುತ್ತಿಗೆ ಒಮ್ಮೆ ಗಾಳಿ ಹೀರುತ್ತವೆ. ರೋಟರು ಒಂದು ಸುತ್ತು ಮುಗಿಸುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ಅಂದರೆ ಶಾಫ್ಟಿನ ಪ್ರತಿ ಸುತ್ತಿಗೂ ಒಂದು ಉಸಿರು. ನಾಲ್ಕು ಹೊಡೆತದ ಪಿಸ್ಟನ್ನಿಗಾದರೋ ಎರಡು ಸುತ್ತಿಗೆ ಒಂದು. 500 ಸಿಸಿ ಕೋಣೆಯ ಒಂಟಿ ರೋಟರು 7000 ಆರ್‌ಪಿಎಂನಲ್ಲಿ ಪೂರ್ತಿ ಹೀರಿದರೆ ನಿಮಿಷಕ್ಕೆ 3500 ಲೀಟರ್, ಸುಮಾರು 124 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ). ಅಷ್ಟೇ ಸಿಸಿಯ ಪಿಸ್ಟನ್ನಿಗೆ 1750 ಲೀಟರ್. ಸಿಸಿ ನೋಡಿ ಆರಿಸಿದವರು ಅರ್ಧ ಫಿಲ್ಟರ್ ಹಾಕಿದಂತಾಯಿತು.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಒಂಟಿ ಪಿಸ್ಟನ್ ತನ್ನ ಪಾಲನ್ನು ಶಾಫ್ಟಿನ 180 ಡಿಗ್ರಿಯಲ್ಲಿ ಗಬಕ್ಕನೆ ಎಳೆಯುತ್ತದೆ, ರೋಟರು 270 ಡಿಗ್ರಿಯಲ್ಲಿ ನಿಧಾನವಾಗಿ; ಆದ್ದರಿಂದ ಗರಿಷ್ಠ ವೇಗ ರೋಟರಿಯಲ್ಲೇ ಕಡಿಮೆ, ದೊಡ್ಡ ಫಿಲ್ಟರ್ ಏಕೆ ಎಂಬುದು. ಮಾತು ನಿಜ, ಹೊಸ ಫಿಲ್ಟರಿನ ಮಟ್ಟಿಗೆ. ಧೂಳು ಗರಿಷ್ಠ ವೇಗವನ್ನು ನೋಡುವುದಿಲ್ಲ, ಒಟ್ಟು ಹಾದ ಗಾಳಿಯನ್ನು ನೋಡುತ್ತದೆ. ಗಂಟೆಗೆ ಎರಡರಷ್ಟು ಗಾಳಿ ಎಂದರೆ ಎರಡರಷ್ಟು ಧೂಳು. ಅದು ಒಳಹೊಕ್ಕರೆ ಸೀಲಿಗೆ ಬಿಡುವ ಎಣ್ಣೆಯೊಡನೆ ಬೆರೆತು, ಬೆಂಗಳೂರಿನ ಪೀಣ್ಯದ ವರ್ಕ್‌ಶಾಪಿನವರಿಗೆ ಚಿರಪರಿಚಿತವಾದ, ಲೋಹ ತೀಡುವ ಲ್ಯಾಪಿಂಗ್ ಪೇಸ್ಟೇ ಆಗುತ್ತದೆ. ರೋಟರಿನ ಮೂರು ಮೂಲೆಗಳ ಅಪೆಕ್ಸ್ ಸೀಲುಗಳೂ ಉಜ್ಜುವುದು ಒಂದೇ ಹೌಸಿಂಗ್ ಮೈಯನ್ನು. ಅಲ್ಲೊಂದು ಗೀರು ಬಿದ್ದರೆ ನಷ್ಟ ಮೂರು ಕೋಣೆಗಳಿಗೂ.

ಮೇಲೇರಿದಂತೆ ಗಾಳಿ ತೆಳುವಾಗುವುದರಿಂದ ಫಿಲ್ಟರಿನ ತಡೆಯೂ ಇಳಿಯುತ್ತದೆ ಎಂಬ ಸಮಾಧಾನವೂ ಪೂರ್ತಿ ನಿಲ್ಲದು. ಮಡಿಕೆ ಕಾಗದದ ಸೂಕ್ಷ್ಮ ರಂಧ್ರಗಳಲ್ಲಿ ಗಾಳಿ ತೆವಳುತ್ತದೆ. ಅಲ್ಲಿ ತಡೆ ಹುಟ್ಟುವುದು ಮುಖ್ಯವಾಗಿ ಸ್ನಿಗ್ಧತೆ ಮತ್ತು ವೇಗದಿಂದ, ಸಾಂದ್ರತೆಯಿಂದಲ್ಲ. ತುಂಬಿದ ಫಿಲ್ಟರ್ 25 ಮಿಲಿಬಾರ್ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ಸುಮಾರು 910 ಮಿಲಿಬಾರಿನ ಬೆಂಗಳೂರಿನಲ್ಲಿ ಅದು ಶೇ. 2.7, 3000 ಮೀಟರ್ ಎತ್ತರದಲ್ಲಿ ಶೇ. 3.6. ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕುಸಿಯುತ್ತದೆ. ಎದುರುಗಾಳಿಯ ಒತ್ತಡ ಇದನ್ನು ತುಂಬಿಕೊಡುವುದೇ? ಗಂಟೆಗೆ 150 ಕಿ.ಮೀ. ವೇಗದಲ್ಲಿ ಸಿಗುವುದು ಸುಮಾರು 9 ಮಿಲಿಬಾರ್ ಅಷ್ಟೇ. ಅದರ ಬದಲು ಕಾಗದದ ವಿಸ್ತೀರ್ಣ ಇಮ್ಮಡಿಸಿದರೆ ಕಾಗದದ ತಡೆ ಅರ್ಧಕ್ಕಿಳಿಯುತ್ತದೆ, ಪ್ರತಿ ಚದರ ಸೆಂಟಿಮೀಟರಿನ ಧೂಳಿನ ಪಾಲೂ ಅರ್ಧವಾಗುತ್ತದೆ.

ಆಕಾಶದಲ್ಲಿ ಧೂಳೆಲ್ಲಿದೆ, ಗ್ರಾಂ ಗ್ರಾಂ ತೂಗುವ ವಿಮಾನಕ್ಕೆ ಫಿಲ್ಟರಿನ ಭಾರವೇಕೆ ಎನ್ನುವವರಿದ್ದಾರೆ. ಆದರೆ ನಿಶಾಂತ್ ಲಾಂಚರಿನಿಂದ ಚಿಮ್ಮುವ, ಪ್ಯಾರಾಚೂಟಿನಲ್ಲಿ ಇಳಿಯುವ ವಿಮಾನ. ಅದಕ್ಕೆ ರನ್‌ವೇಯ ಶುಚಿ ನೆಲದ ಭರವಸೆಯಿಲ್ಲ. ಪೂರ್ಣ ವೇಗದ ಮೊದಲ ನಿಮಿಷಗಳನ್ನು ಎಂಜಿನ್ ಕಳೆಯುವುದು ನೆಲದ ಮಣ್ಣಿನ ಪಕ್ಕದಲ್ಲೇ. ಮೇಲೇರಿದ ಮೇಲೆ ಫಿಲ್ಟರ್ ತಪ್ಪಿಸುವ ಪರ್ಯಾಯ ಗಾಳಿಬಾಗಿಲು ಇರಲಿ. ಕಟ್ಟಿಕೊಂಡ ಫಿಲ್ಟರ್ ಎಂಜಿನ್ ನಿಲ್ಲಿಸದಂತೆ ಅದು ಬೇಕೇ ಬೇಕು. ಆದರೆ ಅದು ಚಿಕ್ಕ ಫಿಲ್ಟರಿಗೆ ನೆಪವಾಗಬಾರದು.

ಹೊಸ ವಿದ್ಯೆಯೇನೂ ಬೇಕಿಲ್ಲ. ಪೀಣ್ಯದ ಕಂಪ್ರೆಸರುಗಳಿಗೆ ಫಿಲ್ಟರ್ ಆರಿಸುವುದು ಸಿಎಫ್‌ಎಂ ನೋಡಿಯೇ. ಎಲೆಕ್ಟ್ರಾನಿಕ್ ಸಿಟಿಯ ಕಟ್ಟಡಗಳ ಹಿಂದೆ ಗುಡುಗುವ ಡಿ.ಜಿ. ಸೆಟ್ಟುಗಳಲ್ಲಿ ಫಿಲ್ಟರ್ ಕಟ್ಟಿಕೊಂಡದ್ದನ್ನು ಕೆಂಪು ಪಟ್ಟಿಯ ಸೂಚಕವೇ ಹೇಳುತ್ತದೆ. ನೆಲದ ಮೇಲಿನ ಯಂತ್ರಕ್ಕೆ ಸಲ್ಲುವ ಈ ಶಿಸ್ತನ್ನು ಹಾರುವ ಯಂತ್ರಕ್ಕೆ ನಿರಾಕರಿಸಲು ಕಾರಣ ಕಾಣದು. ರೋಟರಿ ಎಂಜಿನ್ನಿನ ಫಿಲ್ಟರಿಗೆ ಸಿಸಿಯೂ ಅಳತೆಯಲ್ಲ, ಕೊಳವೆಯ ಬಾಯಿಯೂ ಅಲ್ಲ. ಶಾಫ್ಟಿನ ಪ್ರತಿ ಸುತ್ತಿನ ಉಸಿರೇ ಅಳತೆ.