ಮುಂದಿನ ಭಾಗ ಕೇಳುವವರು, ಹಿಂದಿನ ಭಾಗ ನೆನಪಿಡುವವರು

"ಸೂಪರ್ ರೀ, ಮುಂದಿನ ಭಾಗ ಲಗೂ ಹಾಕ್ರಿ." ಮೊಬೈಲಿನಲ್ಲಿ ಕಂತುಕಂತಾಗಿ ಬರುವ ಕನ್ನಡದ ಫ್ಯಾಂಟಸಿ ಕಾದಂಬರಿಗಳಿಗೆ ಓದುಗರಿಂದ ಬರುವ ಪ್ರತಿಕ್ರಿಯೆಯ ಧಾಟಿ ಹೆಚ್ಚುಕಡಿಮೆ ಇದೇ. ಮೈಸೂರು ಕಡೆಯವರಾದರೆ "ಬೇಗ ಹಾಕಿ" ಎನ್ನುತ್ತಾರೆ, ಅಥಣಿ ಸೀಮೆಯವರು "ಲಗೂ ಹಾಕ್ರಿ" ಎನ್ನುತ್ತಾರೆ. ಅವಸರ ಮಾತ್ರ ಒಂದೇ. ನಾಗಲೋಕದ ರಾಜಕುಮಾರಿ ಶಾಪದಿಂದ ಬಿಡುಗಡೆಯಾದರೂ ಸರಿ, ಮಾಂತ್ರಿಕನ ಖಡ್ಗ ಮುರಿದುಬಿದ್ದರೂ ಸರಿ, ಓದುಗರು ಬಾಯಿಬಿಟ್ಟು ಕೇಳುವುದು ನಾಳೆಯ ಕಂತನ್ನು. ಈ ಹಸಿವು ಪ್ರಾಮಾಣಿಕವಾದದ್ದು. ಆದರೆ ಫ್ಯಾಂಟಸಿಯಂಥ ಪ್ರಕಾರಕ್ಕೆ ಇಷ್ಟೇ ಸಾಕೇ ಎಂದು ಗಂಭೀರವಾಗಿ ಕೇಳಿಕೊಳ್ಳುವ ಕಾಲ ಬಂದಿದೆ.

ಕನ್ನಡದಲ್ಲಿ ಈ ಬಗೆಯ ಓದಿನ ದೊಡ್ಡ ನೆಲೆ ಪ್ರತಿಲಿಪಿ. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಸಂಸ್ಥೆ ಇಂದು ಹನ್ನೆರಡು ಭಾಷೆಗಳಲ್ಲಿ ಕಥೆ, ಧಾರಾವಾಹಿಗಳನ್ನು ಓದುಗರಿಗೆ ಮುಟ್ಟಿಸುತ್ತಿದೆ. ಕಂತು ಓದಿ ಮುಗಿಸಿದವರು ಐದರಲ್ಲಿ ಇಷ್ಟು ಎಂದು ನಕ್ಷತ್ರ ಕೊಡಬಹುದು, ಎರಡು ಸಾಲು ಅಭಿಪ್ರಾಯ ಬರೆಯಬಹುದು. ಚಂದಾ ಕಟ್ಟಿದವರಿಗೆ ಕೆಲವು ಧಾರಾವಾಹಿಗಳ ಮುಂದಿನ ಭಾಗ ಮೊದಲೇ ತೆರೆದುಕೊಳ್ಳುತ್ತದೆ, ಉಳಿದವರು ಕಾಯಬೇಕು. ಇಲ್ಲಿ ಬರೆಯುವವರಲ್ಲಿ ಮಹಿಳೆಯರ ಸಂಖ್ಯೆ ದೊಡ್ಡದು. ಮನೆಗೆಲಸ ಮುಗಿಸಿ ರಾತ್ರಿ ಕುಳಿತು ಬರೆಯುವವರಿಗೆ "ಚೆನ್ನಾಗಿದೆ ಅಕ್ಕ, ನಿಲ್ಲಿಸಬೇಡಿ" ಎನ್ನುವ ಒಂದು ಸಾಲು ಎಷ್ಟು ಬಲ ಕೊಡುತ್ತದೆ ಎಂಬುದನ್ನು ಹಗುರವಾಗಿ ಕಾಣಬಾರದು. ಪತ್ರಿಕೆಯ ಸಂಪಾದಕರ ಮೇಜು ದಾಟಲಾಗದ ಎಷ್ಟೋ ಬರಹಗಳು ಆ ಒಂದು ಸಾಲಿನ ಆಸರೆಯಿಂದಲೇ ನೂರನೇ ಕಂತು ಮುಟ್ಟುತ್ತವೆ.

ಕಂತಿನ ಓದು ನಮ್ಮ ಸೀಮೆಗೆ ಹೊಸದಲ್ಲ. ಗಳಗನಾಥರು (1869–1942) ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ಅಗಡಿಯ ಆನಂದವನದಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ'ಯ ಮೂಲಕ ಉತ್ತರ ಕರ್ನಾಟಕದ ಮನೆಮನೆಗೆ ಓದಿನ ರುಚಿ ಹತ್ತಿಸಿದರು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದರು. ಮುಂದೆ ಮದ್ರಾಸಿನಿಂದ ಬಂದ 'ಚಂದಮಾಮ' ಕನ್ನಡದ ಮಕ್ಕಳಿಗೆ ರಾಕ್ಷಸರು, ಮಾಯಾದ್ವೀಪಗಳು, ಮಂತ್ರವಾದಿಗಳು ತುಂಬಿದ ಧಾರಾವಾಹಿಗಳನ್ನು ತಿಂಗಳಿಗೊಂದು ಕಂತಿನಂತೆ ಕೊಟ್ಟಿತು. ಅವುಗಳಲ್ಲಿ ಹಲವನ್ನು ಮೂಲ ತೆಲುಗಿನಲ್ಲಿ ಬರೆದವರು ದಾಸರಿ ಸುಬ್ರಹ್ಮಣ್ಯಂ. ಆದರೆ ಆ ಪುಟಗಳಲ್ಲಿ ಅವರ ಹೆಸರು ಇರುತ್ತಿರಲಿಲ್ಲ. ಕಥೆ ಮೆಚ್ಚಿದ ಹುಡುಗ ಯಾರಿಗೆ ಬರೆಯಬೇಕು? ಇಂದಿನ ಓದುಗರಿಗೆ ಆ ತೊಡಕಿಲ್ಲ. ಬರೆದವರು ಬೆರಳ ತುದಿಯಲ್ಲಿದ್ದಾರೆ, ಅವರ ಉತ್ತರ ಅದೇ ದಿನ ಬರಬಹುದು. ಇಷ್ಟು ಹತ್ತಿರ ಸಿಕ್ಕ ಲೇಖಕರ ಬಳಿ ಓದುಗರು ಕೇಳುತ್ತಿರುವುದು ಮಾತ್ರ ತೀರ ಕಡಿಮೆ.

ಸಾಮಾಜಿಕ ಕಾದಂಬರಿಯಲ್ಲಿ ಲೇಖಕರು ತಪ್ಪಿದರೆ ಓದುಗರ ಅನುಭವವೇ ತಿದ್ದುತ್ತದೆ. ಅಥಣಿಯಿಂದ ವಿಜಯಪುರಕ್ಕೆ ಹತ್ತು ನಿಮಿಷದಲ್ಲಿ ಬಸ್ಸು ತಲುಪಿತು ಎಂದು ಬರೆದರೆ ನಡುದಾರಿಯ ತೆಲಸಂಗದವರು ಒಪ್ಪುವುದಿಲ್ಲ. ಫ್ಯಾಂಟಸಿಗೆ ಹಾಗೆ ಅಳೆದುನೋಡುವ ಹೊರಜಗತ್ತಿಲ್ಲ. ಅದರ ಜಗತ್ತನ್ನು ಹಿಡಿದು ನಿಲ್ಲಿಸುವುದು ಲೇಖಕರೇ ಹಾಕಿಕೊಂಡ ಕಟ್ಟಳೆ. ನಾಯಕಿಯ ಶಕ್ತಿ ಬೆಳದಿಂಗಳಲ್ಲಿ ಮಾತ್ರ ನಡೆಯುತ್ತದೆ ಎಂದು ಹನ್ನೆರಡನೇ ಕಂತು ಹೇಳಿದ್ದರೆ, ಅರವತ್ತನೇ ಕಂತಿನಲ್ಲಿ ಅವಳು ಮಟಮಟ ಮಧ್ಯಾಹ್ನ ಸೇತುವೆ ಎತ್ತಿ ನಿಲ್ಲಿಸುವಂತಿಲ್ಲ. ನಿಲ್ಲಿಸಿದ ಕ್ಷಣಕ್ಕೆ ಅವಳಿಗಿದ್ದ ಅಪಾಯವೆಲ್ಲ ಸುಳ್ಳಾಗುತ್ತದೆ, ಅವಳಿಗಾಗಿ ಓದುಗರು ಪಟ್ಟ ಆತಂಕವೂ ವ್ಯರ್ಥವಾಗುತ್ತದೆ. ವಾರಕ್ಕೆ ಮೂರು ನಾಲ್ಕು ಕಂತು ಬರೆಯುವವರಿಗೆ ಹನ್ನೆರಡನೇ ಕಂತು ಮರೆತುಹೋಗುವುದು ಸಹಜ. ಅದನ್ನು ನೆನಪಿಸಬಲ್ಲವರು ಓದುಗರು. "ಸೂಪರ್" ಎಂಬ ಉತ್ತರ ಬಂದಾಗ ಲೇಖಕರಿಗೆ ತಪ್ಪು ತಿಳಿಯುವುದೇ ಇಲ್ಲ. ಅದೇ ತಪ್ಪು ಮುಂದಿನ ಕಂತುಗಳ ತಳಪಾಯವಾಗುತ್ತದೆ.

ಹೊರಗಿನ ಎರಡು ಉದಾಹರಣೆಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. 1893ರ ಡಿಸೆಂಬರಿನಲ್ಲಿ ಆರ್ಥರ್ ಕಾನನ್ ಡಾಯ್ಲ್ 'ಸ್ಟ್ರಾಂಡ್' ಪತ್ರಿಕೆಯಲ್ಲಿ ಷರ್ಲಾಕ್ ಹೋಮ್ಸನನ್ನು ಸಾಯಿಸಿದಾಗ ಓದುಗರು ಸಿಟ್ಟಾದರು, ಮತ್ತೆ ಬೇಕು ಎಂದು ಹಟ ಹಿಡಿದರು. ಹತ್ತು ವರ್ಷದ ಮೇಲೆ, 1903ರಲ್ಲಿ, ಡಾಯ್ಲ್ ಅವನನ್ನು ಬದುಕಿಸಿದರು. ಆದರೆ ಸತ್ತವನು ಹೇಗೆ ಬದುಕಿದ ಎಂಬುದಕ್ಕೆ ಸಮಜಾಯಿಷಿ ಕೊಡಲೇಬೇಕಾಯಿತು. ಇನ್ನೊಂದು ನಮ್ಮ ಕಾಲದ್ದು. ಆಂಡಿ ವಿಯರ್ 2009ರಿಂದ 'ದಿ ಮಾರ್ಷಿಯನ್' ಕಾದಂಬರಿಯನ್ನು ತಮ್ಮದೇ ತಾಣದಲ್ಲಿ ಅಧ್ಯಾಯಗಳಾಗಿ ಉಚಿತವಾಗಿ ಪ್ರಕಟಿಸುತ್ತ ಹೋದರು. ವಿಜ್ಞಾನ ಬಲ್ಲ ಓದುಗರು ಲೆಕ್ಕದ, ರಸಾಯನಶಾಸ್ತ್ರದ ತಪ್ಪುಗಳನ್ನು ಬರೆದು ತಿಳಿಸಿದರು, ವಿಯರ್ ತಿದ್ದಿಕೊಂಡರು. 2015ರಲ್ಲಿ ಸಿನಿಮಾ ಆದ ಆ ಕಥೆಯ ಗಟ್ಟಿತನದಲ್ಲಿ ಆ ಓದುಗರ ಪಾಲೂ ಇದೆ. ಮೊದಲನೆಯವರು ಕಥೆಯನ್ನು ಬೇಡಿದರು. ಎರಡನೆಯವರು ಕಥೆಯನ್ನು ಪರೀಕ್ಷಿಸಿದರು. ಕನ್ನಡದ ಫ್ಯಾಂಟಸಿ ಧಾರಾವಾಹಿಗೆ ಬೇಡುವವರು ಬೇಕಾದಷ್ಟಿದ್ದಾರೆ, ಪರೀಕ್ಷಿಸುವವರ ಕೊರತೆ ಎದ್ದುಕಾಣುತ್ತದೆ.

ಬೆಳಗಾವಿ ಜಿಲ್ಲೆಯ ರಂಗಭೂಮಿಗೆ ಈ ಪರೀಕ್ಷೆ ಗೊತ್ತಿತ್ತು. ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಹೆಸರು ತಂದುಕೊಟ್ಟ ಶ್ರೀಕೃಷ್ಣ ಪಾರಿಜಾತದ ಕಥಾವಸ್ತು ಅಪ್ಪಟ ಫ್ಯಾಂಟಸಿಯೇ. ನಾರದ ತಂದ ದೇವಲೋಕದ ಹೂವು ರುಕ್ಮಿಣಿಯ ಪಾಲಾಗುತ್ತದೆ, ಸತ್ಯಭಾಮೆ ಸಿಡಿದೇಳುತ್ತಾಳೆ. ಆದರೆ ಆ ಆಟದಲ್ಲಿ ಭಾಗವತನೂ ದೂತಿಯೂ ಪಾತ್ರಗಳನ್ನು ಸುಮ್ಮನೆ ಹಾಡಲು ಬಿಡುವುದಿಲ್ಲ. ಬಂದವರು ಯಾರು, ಯಾಕೆ ಬಂದಿರಿ, ಈಗ ಹೇಳಿದ ಮಾತಿನ ಅರ್ಥವೇನು ಎಂದು ಜನರ ಪರವಾಗಿ, ಜನರ ಆಡುಮಾತಿನಲ್ಲೇ ಕೆದಕುತ್ತಾರೆ. ಸತ್ಯಭಾಮೆ ಎಂಥ ಮಹಾರಾಣಿಯಾದರೂ ಉತ್ತರ ಕೊಡಬೇಕು. ಈ ಕೆದಕುವಿಕೆ ಆಟದ ಮಾಯೆಯನ್ನು ಒಡೆಯಲಿಲ್ಲ. ರಾತ್ರಿಯಿಡೀ ಜನ ಕದಲದೆ ಕೂತದ್ದು ಅದರಿಂದಲೂ ಹೌದು. ಧಾರಾವಾಹಿಯ ಓದುಗರು ಭಾಗವತನ ಆ ಜಾಗದಲ್ಲಿ ಬಂದು ನಿಲ್ಲಬೇಕು.

ಪ್ರತಿಕ್ರಿಯೆ ದಾರಿ ತಪ್ಪುವ ಇನ್ನೊಂದು ಬಗೆಯೂ ಇದೆ. ಇಬ್ಬರು ನಾಯಕರಿದ್ದರೆ ಓದುಗರು ಎರಡು ಪಂಗಡವಾಗಿ, ನಾಯಕಿಯನ್ನು ಇವನಿಗೇ ಕೊಡಿ, ಅವನನ್ನು ಸಾಯಿಸಬೇಡಿ ಎಂದು ಪಟ್ಟು ಹಿಡಿಯುತ್ತಾರೆ. ನಕ್ಷತ್ರ ಕಡಿಮೆಯಾದೀತೆಂದು ಲೇಖಕರು ಮಣಿಯುತ್ತಾರೆ. ಸಾಯಬೇಕಾದವನು ಬದುಕುತ್ತಾನೆ, ಮುಗಿಯಬೇಕಾದ ಕಥೆ ಮತ್ತೆ ಐವತ್ತು ಕಂತು ಎಳೆಯುತ್ತದೆ. ಇದನ್ನು ಓದುಗರ ಗೆಲುವು ಎಂದು ಕರೆಯಲಾಗದು. ಪ್ರೀತಿಯ ಒತ್ತಡ ಕಥೆಯ ಬೆನ್ನು ಮುರಿದ ಉದಾಹರಣೆ ಅದು. ಕಥೆ ಹೇಗೆ ಮುಗಿಯಬೇಕೆಂದು ಅಪ್ಪಣೆ ಕೊಡುವುದು ಬೇರೆ, ಕೊಟ್ಟ ಮಾತಿನಂತೆ ನಡೆಯುತ್ತಿದೆಯೇ ಎಂದು ಕೇಳುವುದು ಬೇರೆ.

ಕೇಳಲು ಪಂಡಿತರೇ ಆಗಬೇಕಿಲ್ಲ. ತೆಲಸಂಗದ ಸುತ್ತಿನ ಓದುಗರನ್ನೇ ನೋಡಿ. ಇದು ದ್ರಾಕ್ಷಿಯ ನೆಲ. ಬೇಸಿಗೆ ಮೊದಲಾಗುವ ಹೊತ್ತಿಗೆ ಕೊಯ್ದ ಗೊಂಚಲನ್ನು ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಜಾಲರಿಗಳ ಮೇಲೆ ಅಂತಸ್ತು ಅಂತಸ್ತಾಗಿ ಹರವಿ, ನೆರಳಲ್ಲಿ ಸುಮಾರು ಹದಿನೈದು ದಿನ ಒಣಗಿಸುತ್ತಾರೆ. ಆ ದಿನಗಳಲ್ಲಿ ಅಕಾಲದ ಮಳೆ ಬಿದ್ದರೆ ಬಣ್ಣ ಕೆಡುತ್ತದೆ, ದರ ಕುಸಿಯುತ್ತದೆ. ಫ್ಯಾಂಟಸಿ ಕಾದಂಬರಿಗಳಲ್ಲಿ ಮಂತ್ರದಿಂದ ಮಳೆ ಸುರಿಸುವವನು ಯಾವಾಗಲೂ ಊರು ಕಾಯುವ ಪುಣ್ಯವಂತ. ಮಾರ್ಚಿನಲ್ಲಿ ಮಳೆ ಕರೆದವನು ಒಣದ್ರಾಕ್ಷಿಯ ಶೆಡ್ಡು ಕಾಯುವವರ ಕಣ್ಣಿಗೆ ಖಳನಾಯಕನಾಗುತ್ತಾನೆ! ಈ ಒಂದು ಮಾತನ್ನು ಆ ಊರಿನ ಓದುಗರೊಬ್ಬರು ಲೇಖಕರಿಗೆ ಬರೆದರೆ ಸಾಕು, ಎಲ್ಲ ಕಾದಂಬರಿಗಳಲ್ಲೂ ಒಂದೇ ಥರ ಇರುವ ಮಾಂತ್ರಿಕನ ಬದಲು ಯಾರೂ ಬರೆಯದ ಒಂದು ಪಾತ್ರ ಹುಟ್ಟುತ್ತದೆ. ಕನ್ನಡದ ಫ್ಯಾಂಟಸಿ ಇಂದಿಗೂ ಅರಮನೆ, ಹಿಮದ ಬೆಟ್ಟ, ಬೆಂಕಿಯುಗುಳುವ ಡ್ರ್ಯಾಗನ್‌ಗಳ ಸುತ್ತ ತಿರುಗುತ್ತಿರುವುದಕ್ಕೆ ಲೇಖಕರಷ್ಟೇ ಹೊಣೆಯಲ್ಲ. ನಮ್ಮ ಊರು ಇದರಲ್ಲಿ ಎಲ್ಲಿದೆ ಎಂದು ಓದುಗರೂ ಕೇಳಿದ್ದು ಸಾಲದು.

ಲೇಖಕರು ಮಾಡಬಹುದಾದ ಕೆಲಸವೂ ಇದೆ. ಹತ್ತು ಕಂತಿಗೊಮ್ಮೆ ತಮ್ಮ ಜಗತ್ತಿನ ಕಟ್ಟಳೆಗಳನ್ನು ಪಟ್ಟಿ ಮಾಡಿ ಓದುಗರ ಮುಂದಿಟ್ಟು, ಎಲ್ಲಾದರೂ ತಪ್ಪಿದ್ದರೆ ಹೇಳಿ ಎಂದು ಕೇಳಬಹುದು. ತಪ್ಪು ತೋರಿಸಿದವರ ಹೆಸರನ್ನು ಮುಂದಿನ ಕಂತಿನ ತಲೆಯಲ್ಲಿ ನೆನೆಯಬಹುದು. ಕಂತು ಪುಸ್ತಕವಾಗಿ ಅಚ್ಚಾಗುವ ಮೊದಲು ತಿದ್ದಲು ಅವಕಾಶವಿರುವುದು ಧಾರಾವಾಹಿಗೆ ಮಾತ್ರ. ಕನ್ನಡದ ಲೇಖಕರು ಆ ಅವಕಾಶವನ್ನು ಇನ್ನೂ ಪೂರ್ತಿ ಬಳಸಿಕೊಂಡಿಲ್ಲ.