ಮುಂದಾಳಿಲ್ಲದ ಮುಷ್ಕರ

ನಾಗಲಮಡಿಕೆಯ ಅಂತ್ಯಸುಬ್ರಹ್ಮಣ್ಯನ ಸನ್ನಿಧಿಯ ಬಳಿ ಹರಿಯಬೇಕಾದ ಉತ್ತರ ಪಿನಾಕಿನಿಯು ವರ್ಷದ ಬಹುಕಾಲ ಬರಿಯ ಮರಳಾಗಿರುವುದರಿಂದಲೂ, ಕಡಲೆಕಾಯಿಯ ಬೇಸಾಯವು ಮಳೆಯೊಂದನ್ನೇ ನೆಚ್ಚಿರುವುದರಿಂದಲೂ, ಪಾವಗಡ ಸೀಮೆಯ ಹೆಣ್ಣುಮಕ್ಕಳು ಮಧುಗಿರಿ, ಕೊರಟಗೆರೆಗಳನ್ನು ಹಾದು ಬೆಂಗಳೂರಿನ ಗಾರ್ಮೆಂಟ್ಸಿಗೆ ಸೇರುವುದು ಈಗ ವಿಶೇಷವೆನಿಸದು. ಹಾಗೆ ಹೋದವರು ನಗರವನ್ನು ಹೊಗುವ ತುಮಕೂರು ರಸ್ತೆಯಲ್ಲಿಯೇ 2016ರ ಏಪ್ರಿಲ್ 19ರಂದು ಹೊಲಿಗೆಯ ಹೆಂಗಸರು ಗುಂಪುಗುಂಪಾಗಿ ಬಂದು ನಿಂತರು. ಹಿಂದಿನ ದಿನವೇ ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆ ಸ್ತಬ್ಧವಾಗಿತ್ತು.

ಕಾರಣವು ಸಣ್ಣದೆಂದು ತೋರಬಹುದು. ಕೆಲಸ ಬಿಟ್ಟವರು ಪಿಎಫ್ ಖಾತೆಯಲ್ಲಿನ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ಮುಟ್ಟಕೂಡದೆಂದು ಕೇಂದ್ರ ಸರ್ಕಾರವು ಆ ಫೆಬ್ರವರಿಯಲ್ಲಿ ನಿಯಮ ಮಾಡಿತ್ತು. ಆದರೆ ಮಗಳ ಮದುವೆಗೋ, ಊರಿನ ಸಾಲಕ್ಕೋ, ಕೊಳವೆಬಾವಿಗೋ ಪಿಎಫ್ ಬಿಡಿಸಿಕೊಳ್ಳುವುದನ್ನೇ ಗಂಟೆಂದು ನಂಬಿದವಳಿಗೆ, ಕಣ್ಣು ಮಂಜಾಗಿ ಮೆಷೀನು ಬಿಡುವ ವಯಸ್ಸಿಗೂ 58ಕ್ಕೂ ನಡುವಣ ಅಂತರವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಕಲ್ಲು ಬಿದ್ದುದನ್ನೂ ಬಸ್ಸುಗಳು ಉರಿದುದನ್ನೂ ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಆದರೆ ಇವರನ್ನು ಕರೆತಂದವರು ಯಾರೆಂಬ ಪ್ರಶ್ನೆಯನ್ನೇ ಮತ್ತೆಮತ್ತೆ ಕೇಳಿದವರ ಧಾಟಿಯಲ್ಲಿ, ಹೆಂಗಸರು ತಾವಾಗಿಯೇ ಎದ್ದುಬರಲಾರರೆಂಬ ಹಳೆಯ ಪೂರ್ವಗ್ರಹವೇ ಅಡಗಿದ್ದಿತು. 1888ರಲ್ಲಿ ಲಂಡನ್ನಿನ ಬ್ರಯಂಟ್ ಅಂಡ್ ಮೇ ಬೆಂಕಿಕಡ್ಡಿ ಕಾರ್ಖಾನೆಯಿಂದ ಬಹುಪಾಲು ಹೆಂಗಸರೂ ಹುಡುಗಿಯರೂ ಆಗಿದ್ದ ಸುಮಾರು 1400 ಮಂದಿ ಹೊರನಡೆದಾಗಲೂ ಇತಿಹಾಸವು ಆ ಕೀರ್ತಿಯನ್ನು, ಮುಂದೆ ನಮ್ಮ ಹೋಂರೂಲ್ ಚಳವಳಿಯಿಂದ ಪರಿಚಿತರಾದ ಆನಿ ಬೆಸೆಂಟರ ಕೊರಳಿಗೇ ಹಾಕಿತು. ಬೆಸೆಂಟರು ಅಲ್ಲಿನ ದಂಡ, ಕಡಿತಗಳನ್ನು ಕುರಿತು ಲೇಖನ ಬರೆದುದು ನಿಜ. ಆದರೆ ಅವರು ಬಯಸಿದ್ದುದು ಕೊಳ್ಳುವವರ ಬಹಿಷ್ಕಾರವನ್ನು. ಲೇಖನವು ಸುಳ್ಳೆಂಬ ಕಾಗದಕ್ಕೆ ರುಜು ಹಾಕಲೊಲ್ಲದೆ, ತಮ್ಮವಳೊಬ್ಬಳನ್ನು ತೆಗೆದುಹಾಕಿದೊಡನೆ ಹೊರಬಂದವರು ಆ ಹುಡುಗಿಯರೇ.

ಗುಣವನ್ನು ಅಳೆಯುವುದಾದರೆ ಬೆಂಗಳೂರಿನ ಮುಷ್ಕರವು ಪರಿಣಾಮದಲ್ಲಿ ಯಾವುದಕ್ಕೂ ಕಡಮೆಯಲ್ಲ: ಎರಡನೆಯ ಸಂಜೆಯೇ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯರು ನಿಯಮವನ್ನು ಹಿಂತೆಗೆದುಕೊಂಡುದನ್ನು ಸಾರಿದರು, ದೇಶದ ಪಿಎಫ್ ಖಾತೆದಾರರೆಲ್ಲರಿಗೂ ಅದರ ಫಲ ಸಂದಿತು. ಕೊರತೆಯಿರುವುದು ಅನಂತರದ ದಿನಗಳಲ್ಲಿ. ಲಂಡನ್ನಿನವರು ಗೆದ್ದೊಡನೆ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಇಲ್ಲಿ ರಸ್ತೆಯಲ್ಲಿ ಒಂದಾದವರಲ್ಲಿ ಬಹುಮಂದಿ ಸಂಘಗಳ ಹೊರಗೇ ಉಳಿದರು. ಆದರೂ ಲಂಡನ್ನಿನ ಗೆಲುವನ್ನು ಹಿಗ್ಗಿಸಬಾರದು: ದಂಡಗಳು ರದ್ದಾದವು, ದವಡೆಯನ್ನು ಕೊಳೆಯಿಸುವ ಬಿಳಿ ರಂಜಕವು ಮಾತ್ರ ಆ ಕಾರ್ಖಾನೆಯಲ್ಲಿ 1901ರವರೆಗೂ ಇದ್ದಿತು. ಬೆಂಗಳೂರಿನಲ್ಲಿ ನಿಯಮ ಹೋಯಿತು. ಗಂಟೆಗಿಷ್ಟು ಪೀಸೆಂಬ ಟಾರ್ಗೆಟ್ಟು ಇದ್ದಲ್ಲಿಯೇ ಇದೆ.