ಮಧ್ಯಮ ಬೆಲೆಯ ಗ್ರಾಫಿಕ್ಸ್ ಕಾರ್ಡ್: ಯಾವ ಅಂಕಿಯನ್ನು ನಂಬಬೇಕು?

ಗೇಮ್ ಆಡುವ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡೇ ಅತ್ಯಂತ ದುಬಾರಿ ಭಾಗ. ಅದಕ್ಕೆ ಶೇಕಡಾ 18 ಜಿಎಸ್‌ಟಿ ಬೇರೆ. ಬಾರ್ಕೂರಿನಿಂದ ಉಡುಪಿಗೋ ಮಂಗಳೂರಿಗೋ ಹೋಗಿ ಅದನ್ನು ಕೊಳ್ಳುವ ಮುನ್ನ ಅದರ ಅಂಕಿಗಳನ್ನು ನೀವೇ ತೂಗಿ ನೋಡುವುದು ಒಳ್ಳೆಯದು. ಎನ್‌ವಿಡಿಯಾ ಕಂಪನಿಯ ಮೂರು ಕಾರ್ಡುಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

2021ರಲ್ಲಿ ಬಂದ ಆರ್‌ಟಿಎಕ್ಸ್ 3060ರಲ್ಲಿ 12 ಗಿಗಾಬೈಟ್ ಮೆಮೊರಿ ಇತ್ತು. 2023ರ 4060ರಲ್ಲಿ ಅದು 8ಕ್ಕೆ ಇಳಿಯಿತು. 2025ರ 5060ರಲ್ಲಿಯೂ ಅಷ್ಟೇ. ಮೆಮೊರಿಯಿಂದ ಸಂಸ್ಕಾರಕಕ್ಕೆ ದತ್ತಾಂಶ ಸಾಗುವ ವೇಗ ಕ್ರಮವಾಗಿ ಸೆಕೆಂಡಿಗೆ 360, 272 ಮತ್ತು 448 ಗಿಗಾಬೈಟ್. 4060ರ ಕೊರತೆಯನ್ನು ದೊಡ್ಡ ಕ್ಯಾಷ್ ಬಹುಮಟ್ಟಿಗೆ ತುಂಬಿಕೊಟ್ಟಿತು. ಆದ್ದರಿಂದ ವೇಗದ ಬಗ್ಗೆ ದೊಡ್ಡ ದೂರಿಲ್ಲ. ದೂರಿರುವುದು ಜಾಗದ ಬಗ್ಗೆ.

ಗೇಮಿನ ಚಿತ್ರಸಾಮಗ್ರಿ 8 ಗಿಗಾಬೈಟ್ ಮೀರಿದರೆ ಉಳಿದದ್ದು ಮದರ್‌ಬೋರ್ಡಿನ ಮೂಲಕ ಬರಬೇಕು. ಹಳೆಯ ಪಿಸಿಐ ಎಕ್ಸ್‌ಪ್ರೆಸ್ 3.0 ಬೋರ್ಡಿನಲ್ಲಿ 4060, 5060 ಎರಡಕ್ಕೂ ಸಿಗುವ ವೇಗ ಸೆಕೆಂಡಿಗೆ ಸುಮಾರು 8 ಗಿಗಾಬೈಟ್ ಮಾತ್ರ. 448 ಎಲ್ಲಿ, 8 ಎಲ್ಲಿ! ಆಗ ಚಿತ್ರ ತಡೆತಡೆದು ಓಡುತ್ತದೆ.

ಸರಾಸರಿ ಅಂಕಿ ಈ ದೋಷವನ್ನು ಮುಚ್ಚಿಡುತ್ತದೆ. ಸೆಕೆಂಡಿಗೆ 60 ಚಿತ್ರ ಎಂದರೆ ಒಂದಕ್ಕೆ 16.7 ಮಿಲಿಸೆಕೆಂಡ್. ಒಂದು ಚಿತ್ರ 100 ಮಿಲಿಸೆಕೆಂಡ್ ತೆಗೆದುಕೊಂಡರೆ ಆ ಸೆಕೆಂಡಿನ ಲೆಕ್ಕ 55ಕ್ಕಷ್ಟೇ ಇಳಿಯುತ್ತದೆ. ಕಣ್ಣಿಗೆ ಮಾತ್ರ ಆಟ ಎಡವಿದಂತೆ ಕಾಣುತ್ತದೆ. ಆದ್ದರಿಂದ ಸರಾಸರಿಯ ಜೊತೆಗೆ ಕನಿಷ್ಠ ವೇಗವನ್ನೂ ಕೇಳಿ.

ಹೊಸ ಕಾರ್ಡುಗಳು ಎರಡು ನಿಜ ಚಿತ್ರಗಳ ನಡುವೆ ಕೃತಕ ಚಿತ್ರಗಳನ್ನು ಸೇರಿಸಿ ಅಂಕಿಯನ್ನು ಏರಿಸುತ್ತವೆ. ಇದಕ್ಕಾಗಿ ಎರಡನೆಯ ಚಿತ್ರ ಸಿದ್ಧವಾಗುವ ತನಕ ಕಾಯಲೇಬೇಕು. ಹೀಗಾಗಿ ನೋಟ ನಯವಾದರೂ ನೀವು ಗುಂಡಿ ಒತ್ತಿದ್ದಕ್ಕೆ ಉತ್ತರ ಬೇಗ ಬರುವುದಿಲ್ಲ, ತುಸು ತಡವಾಗುತ್ತದೆ.

ಮೆಚ್ಚತಕ್ಕ ಅಂಶವೂ ಇದೆ. ಮೂರು ಕಾರ್ಡುಗಳ ವಿದ್ಯುತ್ ಮಿತಿ ಕ್ರಮವಾಗಿ 170, 115, 145 ವಾಟ್. ಈ ವಾಟುಗಳೆಲ್ಲ ಕೊನೆಗೆ ಕೋಣೆಯ ಶಾಖವಾಗುತ್ತವೆ. ದಿನಕ್ಕೆ 4 ಗಂಟೆ ಪೂರ್ತಿ ದುಡಿಸಿದರೆ 3060ಕ್ಕಿಂತ 4060 ತಿಂಗಳಿಗೆ 6.6 ಯೂನಿಟ್ ಉಳಿಸುತ್ತದೆ. ಕರಾವಳಿಯ ಏಪ್ರಿಲ್-ಮೇ ಸೆಕೆಯಲ್ಲಿ ಇದು ಸಣ್ಣ ಗುಣವಲ್ಲ.

ನಿಮ್ಮ ತೆರೆ 1920×1080 ಇದ್ದು ಬೋರ್ಡ್ ಹೊಸತಾಗಿದ್ದರೆ 5060 ಸಾಕು. ಇನ್ನೂ ದೊಡ್ಡ ತೆರೆಗೆ, ಅಥವಾ ಐದಾರು ವರ್ಷ ಬಾಳಿಸುವುದಕ್ಕೆ ಅದನ್ನು ಶಿಫಾರಸು ಮಾಡಲಾಗದು. 5060 ಟಿಐ, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಕಾರ್ಡುಗಳು ಒಂದೇ ಹೆಸರಿನಲ್ಲಿ 8 ಮತ್ತು 16 ಗಿಗಾಬೈಟ್ ಎರಡರಲ್ಲೂ ಬಂದಿವೆ. ಪೆಟ್ಟಿಗೆಯನ್ನು ಓದಿ ಕೊಳ್ಳಿ. ಕಂಪ್ಯೂಟರಿನ ರ‍್ಯಾಮ್‌ನಂತೆ ಕಾರ್ಡಿನ ಮೆಮೊರಿಯನ್ನು ಆಮೇಲೆ ಹೆಚ್ಚಿಸಲಾಗದು.